ಆರ್ಗಿರೊ ಒದ್ದೆ ತಿರುವು ದಾಟಿದ್ದು

ಬೆಟ್ಟದ ಮೇಲಿನ ಕಾತೊವುನಿ ಹಳ್ಳಿಯಿಂದ ರೆಥಿಮ್ನೊ ಪಟ್ಟಣಕ್ಕೆ ಹೋಗುವ ಬೆಳಗಿನ ಬಸ್ಸು ವಾರಕ್ಕೆ ಎರಡೇ ದಿನ ಎಂದಾದ ಮೇಲೆ ಎಲ್ಲರಿಗೂ ತಾಪತ್ರಯ ಶುರುವಾಯಿತು. ಹದಿನೆಂಟು ತುಂಬಿದ ಹುಡುಗಿ ಆರ್ಗಿರೊಗೆ ಆಗಷ್ಟೇ ಪಟ್ಟಣದ ಬೇಕರಿಯಲ್ಲಿ ಕೆಲಸ ಸಿಕ್ಕಿತ್ತು. ಎಂಟಕ್ಕೆಲ್ಲ ಅಲ್ಲಿರಬೇಕು. ಅಪ್ಪ ಮನುಸೊಸ್ ಒಂದು ಹಳೆಯ ಸಣ್ಣ ಬೈಕು ತಂದುಕೊಟ್ಟ. ಲೈಸೆನ್ಸೂ ಬಂತು.

ಆ ಭಾನುವಾರ ಪಕ್ಕದ ಮನೆಯ ಪೊಲಿಕ್ಸೆನಿ ಬಂದಳು. ಅವಳು ಆಂಬುಲೆನ್ಸಿನಲ್ಲಿ ನರ್ಸು. ಆರ್ಗಿರೊಳ ತಲೆಯ ಮೇಲಿದ್ದ ಹೆಲ್ಮೆಟ್ಟನ್ನು ಎರಡು ಕೈಯಲ್ಲಿ ಹಿಡಿದು ಅಲ್ಲಾಡಿಸಿದಳು. ಅದು ಗರಗರ ತಿರುಗಿತು.

"ಯಾರದ್ದೇ ಇದು?"

"ಅಪ್ಪಂದು, ಅಕ್ಕಾ."

"ನಿಮ್ಮಪ್ಪಂದು ಕುಂಬಳಕಾಯಿ ತಲೆ. ನಿನಗೆ ಇದು ಹಾಕ್ಕೊಂಡ್ರೂ ಒಂದೇ ಬಿಟ್ರೂ ಒಂದೇ."

ಮನುಸೊಸ್ ಕಾಫಿ ಲೋಟ ಕೆಳಗಿಟ್ಟ. "ಮೂವತ್ತು ವರ್ಷ ಹೆಲ್ಮೆಟ್ಟನ್ನ ಮೊಣಕೈಗೆ ನೇತುಹಾಕ್ಕೊಂಡೇ ಓಡಿಸಿದೀನಿ. ನಂಗೇನಾಗಿದೆ?"

"ನಿನಗೇನೂ ಆಗಿಲ್ಲ, ನಿಜ. ಆದವರು ಇಲ್ಲಿ ಬಂದು ಕಾಫಿ ಕುಡೀತಾ ಕಥೆ ಹೇಳಲ್ಲ, ಮನುಸೊಸ್. ಅವರನ್ನ ನಾನು ಸ್ಟ್ರೆಚರಿನ ಮೇಲೆ ನೋಡ್ತೀನಿ."

ಆರ್ಗಿರೊಳ ದೊಡ್ಡಪ್ಪನ ಮಗ ಸ್ಟ್ರಾಟಿಸ್ ಅಲ್ಲೇ ಗೋಡೆಗೆ ಒರಗಿ ನಗುತ್ತಿದ್ದ. ಅವನಿಗೆ ಇಪ್ಪತ್ತೆರಡು. "ಇವೆಲ್ಲ ಹೊಸಬರ ಪಾಠ, ಅಕ್ಕಾ. ಈ ರೋಡು ನಂಗೆ ಕಣ್ಣು ಮುಚ್ಚಿದ್ರೂ ಗೊತ್ತು."

"ರೋಡು ಗೊತ್ತು ಕಣಪ್ಪ. ಇವತ್ತು ಬೆಳಿಗ್ಗೆ ಅದರ ಮೇಲೆ ಏನು ಚೆಲ್ಲಿದೆ ಅಂತ ಗೊತ್ತಾ?" ಪೊಲಿಕ್ಸೆನಿ ಆರ್ಗಿರೊ ಕಡೆ ತಿರುಗಿದಳು. "ನೀನು ಕೇಳು. ತಿರುವಿನ ಒಳಗೆ ಹೋಗಿ ಬ್ರೇಕು ಹಿಡೀಬೇಡ, ಮುಂಚೇನೇ ವೇಗ ಇಳಿಸು. ಎಲ್ಲಿಗೆ ಹೋಗ್ಬೇಕೋ ಅಲ್ಲಿಗೆ ಕಣ್ಣಿರಲಿ. ಮುಂದೆ ಹೋಗೋ ಬೈಕಿನ ಬೆನ್ನು ಹತ್ತಬೇಡ. ಅವನ ಸ್ಪೀಡು ಅವನದು."

ಮನುಸೊಸ್ ಗೊಣಗುತ್ತಲೇ ಮರುದಿನ ಮಗಳ ತಲೆಗೆ ಸರಿಯಾದ ಹೊಸ ಹೆಲ್ಮೆಟ್ಟು ತಂದ. ಜಾಕೆಟ್ಟು, ಕೈಗವಸು ಮಾತ್ರ ತರಲಿಲ್ಲ. ಅವು ಶೋಕಿಯವರಿಗೆ ಎಂದ.

ಗುರುವಾರ ಬೆಳಿಗ್ಗೆ ಮಳೆ ಹನಿಯಿತು. ಐದು ತಿಂಗಳ ಒಣಹವೆಯ ನಂತರದ ಮೊದಲ ಮಳೆ. ಆಲಿವ್ ಕೊಯ್ಲು ಆಗಲೇ ಶುರುವಾಗಿತ್ತು. ಮನುಸೊಸ್ ರಾತ್ರಿಯೇ ಕಾಯಿಯ ಚೀಲಗಳನ್ನು ಟ್ರಕ್ಕಿನಲ್ಲಿ ಹಾಕಿಕೊಂಡು ಕೆಳಗಿನ ಗಾಣಕ್ಕೆ ಹೋಗಿದ್ದ. ಪಟ್ಟಣಕ್ಕೆ ಹೊರಟಿದ್ದ ಸ್ಟ್ರಾಟಿಸ್ ಆರ್ಗಿರೊಳ ಬಾಗಿಲಲ್ಲಿ ತನ್ನ ಬೈಕು ನಿಲ್ಲಿಸಿ ಹಾರ್ನ್ ಮಾಡಿದ. ತಲೆಯ ಮೇಲೆ ಹೆಲ್ಮೆಟ್ಟಿತ್ತು, ಅದರ ಪಟ್ಟಿ ಬಿಚ್ಚಿಕೊಂಡು ನೇತಾಡುತ್ತಿತ್ತು.

"ಅಣ್ಣಾ, ಪಟ್ಟಿ ಹಾಕ್ಕೊಳೋ."

"ನಡಿಯೇ ನರ್ಸಮ್ಮ! ನಾನು ಹೋದಂಗೇ ಹಿಂದೆ ಬಾ. ಲೇಟಾಯ್ತು."

ಮೊದಲ ನೇರ ದಾರಿಯಲ್ಲೇ ಅವನು ದೂರವಾದ. ಆರ್ಗಿರೊ ಆಕ್ಸಿಲರೇಟರ್ ತಿರುಗಿಸಿದಳು. ಹೆಲ್ಮೆಟ್ಟಿನ ಗಾಜಿನ ಮೇಲೆ ಹನಿಗಳು ಗೆರೆ ಎಳೆಯುತ್ತಿದ್ದವು. ಅವನು ತಿರುಗಿ ನೋಡಿ, ಬಾ ಬಾ ಎಂದು ಕೈ ಬೀಸಿದ. ಹಿಂದೆ ಬಿದ್ದರೆ ಊರಿಡೀ ಹೇಳಿಕೊಂಡು ನಗುತ್ತಾನೆ. ಅವಳು ಇನ್ನೂ ತಿರುಗಿಸಿದಳು.

ಮುಂದಿನ ತಿರುವಿಗೆ ಅವಳು ವೇಗವಾಗಿ ನುಗ್ಗಿಬಿಟ್ಟಳು. ಬೈಕು ಅವಳ ಮಾತು ಕೇಳದೆ ನಡುಗೆರೆ ದಾಟಿತು. ಎದುರಿಗೆ ವ್ಯಾನು! ಹಾರ್ನು ಕಿವಿಯ ಪಕ್ಕದಲ್ಲೇ ಕಿರುಚಿ ಹೋಯಿತು. ವ್ಯಾನು ರಸ್ತೆಯಂಚಿನ ಗೋಡೆಗೆ ಸವರಿಕೊಂಡು ಜಾಗ ಬಿಟ್ಟಿದ್ದರಿಂದ ಅವಳು ಉಳಿದಳು.

'ನಗಲಿ ಅವನು. ಹೊಟ್ಟೆ ತುಂಬ ನಗಲಿ' ಎಂದುಕೊಂಡು ವೇಗ ಇಳಿಸಿದಳು. ಸ್ಟ್ರಾಟಿಸ್ ಕಣ್ಣಿಗೆ ಮರೆಯಾದ.

ಮುಂದಿನ ತಿರುವು ಬರುವ ಮುಂಚೆ, ಬೈಕು ನೆಟ್ಟಗಿರುವಾಗಲೇ, ಎರಡೂ ಬ್ರೇಕನ್ನು ಮೆಲ್ಲಗೆ ಒತ್ತಿದಳು. ತಿರುವಿನ ಕೊನೆಯ ಕಡೆ ಕತ್ತು ತಿರುಗಿಸಿದಳು. ಆಗ ಕಾಣಿಸಿತು. ಯಾವುದೋ ಟ್ರಕ್ಕಿನಿಂದ ಬಿದ್ದ ಆಲಿವ್ ಕಾಯಿಗಳು ಚಕ್ರಕ್ಕೆ ಸಿಕ್ಕಿ ನುಜ್ಜಾಗಿ, ಮಳೆನೀರಿನ ಜೊತೆ ರಸ್ತೆಯ ಮೇಲೆ ಕಪ್ಪಗೆ ಜಿಡ್ಡು ಹರಡಿತ್ತು. ಅದರಾಚೆ ಸ್ಟ್ರಾಟಿಸನ ಬೈಕು ಮಲಗಿತ್ತು. ಅವನು ಗೋಡೆಯ ಬುಡದಲ್ಲಿದ್ದ. ಹೆಲ್ಮೆಟ್ಟು ಅವನಿಂದ ನಾಲ್ಕು ಮಾರು ದೂರದಲ್ಲಿ.

ಬೆರಳುಗಳು ಮುಂದಿನ ಬ್ರೇಕನ್ನು ಹಿಸುಕಲು ತವಕಿಸಿದವು. ಹಿಸುಕಲಿಲ್ಲ. ಜಿಡ್ಡಿನ ಅಂಚಿನಲ್ಲೇ ನಿಧಾನವಾಗಿ ಉರುಳಿಸಿಕೊಂಡು ಬಂದು ಪಕ್ಕಕ್ಕೆ ನಿಲ್ಲಿಸಿದಳು.

ಅವನ ಕಿವಿಯಿಂದ ರಕ್ತ ಬರುತ್ತಿತ್ತು. "ಎಬ್ಬಿಸೇ ನನ್ನ..." ಎಂದ.

"ಅಲ್ಲಾಡಬೇಡ ಅಣ್ಣಾ! ಹಂಗೇ ಇರು!"

112ಕ್ಕೆ ಫೋನು ಮಾಡಿ ಜಾಗ ಹೇಳಿದಳು. ಮೇಲಿಂದ ಯಾರಾದರೂ ಬಂದರೆ ಇವನ ಮೇಲೇ ಜಾರುತ್ತಾರೆ ಎನ್ನಿಸಿ, ಬಂದ ದಾರಿಯಲ್ಲೇ ತಿರುವಿನ ಮೇಲ್ಗಡೆಗೆ ಓಡಿಹೋಗಿ ದಾರಿಯಂಚಿನಲ್ಲಿ ನಿಂತು ಸ್ವೆಟರು ಬೀಸತೊಡಗಿದಳು. ಆಗ ಕೆಳಗಿನಿಂದ ಟ್ರಕ್ಕೊಂದು ಕಿರ್ರೆಂದು ಬ್ರೇಕು ಹಾಕಿದ ಸದ್ದಾಯಿತು. ಗಾಣದಿಂದ ಮರಳುತ್ತಿದ್ದ ಮನುಸೊಸ್.

"ಆರ್ಗಿರೊ! ಆರ್ಗಿರೊ!"

ಅಪ್ಪನ ಗಂಟಲಿನಿಂದ ಅಂಥ ಕೂಗು ಅವಳು ಎಂದೂ ಕೇಳಿರಲಿಲ್ಲ. "ಅಪ್ಪಾ, ಇಲ್ಲಿದೀನಿ! ಬಿದ್ದಿರೋದು ಸ್ಟ್ರಾಟಿಸ್!"

ಅವಳು ಕೆಳಗೆ ಓಡಿಬರುವಷ್ಟರಲ್ಲಿ ಅವನು ಸ್ಟ್ರಾಟಿಸನ ತೋಳಿನಡಿ ಕೈ ಹಾಕಿದ್ದ. "ಹಿಡ್ಕೋ ಕಾಲು. ಟ್ರಕ್ಕಿಗೆ ಹಾಕೋಣ."

"ಮುಟ್ಟಬೇಡ!" ಆರ್ಗಿರೊ ಚೀರಿದಳು. "ಕತ್ತಿನ ಮೂಳೆ ಮುರಿದಿದ್ರೆ? ಎತ್ತಿದ್ರೆ ಹೆಳವ ಆಗ್ತಾನೆ! ತಲೆ ಅಲ್ಲಾಡದಂಗೆ ಹಿಡ್ಕೋ, ಅಷ್ಟೇ."

ಅವಳು ಸ್ವೆಟರು ಬೀಸಲು ಮತ್ತೆ ಮೇಲಕ್ಕೆ ಓಡಿದಳು, ಮನುಸೊಸ್ ಮಳೆಯಲ್ಲಿ ಮೊಣಕಾಲೂರಿದ. ಇಪ್ಪತ್ತು ನಿಮಿಷ, ಆಂಬುಲೆನ್ಸು ಬರುವ ತನಕ, ಎರಡು ಅಂಗೈಗಳ ನಡುವೆ ಆ ತಲೆಯನ್ನು ಹಿಡಿದುಕೊಂಡೇ ಇದ್ದ.

ಸ್ಟ್ರಾಟಿಸ್ ಬದುಕಿದ. ತಲೆಬುರುಡೆಯಲ್ಲಿ ಬಿರುಕು, ಭುಜದ ಮೂಳೆ ಎರಡು ತುಂಡು. ಎಡಗಿವಿ ಇವತ್ತಿಗೂ ಕೇಳುವುದಿಲ್ಲ. ಆಸ್ಪತ್ರೆಗೆ ಹೋದ ಆರ್ಗಿರೊಗೆ ಅವನು ಮೊದಲು ಹೇಳಿದ್ದು: "ನಾನು ಹೇಳಿದಂಗೆ ಬೆನ್ನಿಗೇ ಬಂದಿದ್ರೆ, ನನ್ನ ಮೇಲೇ ಹತ್ತಿಸ್ತಿದ್ದೆ, ಅಲ್ವಾ?"

"ಹೂಂ," ಎಂದಳು ಅವಳು.

ಮನುಸೊಸ್ ಮಗಳಿಗೆ ಜಾಕೆಟ್ಟು, ಕೈಗವಸು ತಂದ. ತನಗೂ ಒಂದು ಹೊಸ ಹೆಲ್ಮೆಟ್ಟು ಕೊಂಡು, ಮೊಣಕೈ ಬಿಟ್ಟು ತಲೆಗೇ ಹಾಕತೊಡಗಿದ. ಕಾಫಿ ಅಂಗಡಿಯಲ್ಲಿ ಗೆಳೆಯರು ಕಿಚಾಯಿಸಿದರು. ಅವನು ಹೇಳಿದ: "ನಗ್ರಪ್ಪ. ಬಿದ್ದಿರೋದು ಯಾರು ಅಂತ ಗೊತ್ತಾಗೋ ತನಕ ನಾನು ಎಷ್ಟು ಸಲ ಸತ್ತೆ ಅಂತ ನಂಗೊಬ್ಬನಿಗೇ ಗೊತ್ತು." ಆಮೇಲೆ ಯಾರೂ ನಗಲಿಲ್ಲ.

ಹೊಸದಾಗಿ ಬೈಕು ಹತ್ತಿರುವ ತಮ್ಮಂದಿರೇ, ತಂಗಿಯರೇ, ಹೊರಡುವ ಮುಂಚೆ ಹೆಲ್ಮೆಟ್ಟಿನ ಪಟ್ಟಿ ಬಿಗಿಯಿರಿ. ಗದ್ದದ ಕೆಳಗೆ ಎರಡು ಬೆರಳಿಗಿಂತ ಹೆಚ್ಚು ಜಾಗ ಉಳಿಯದಿರಲಿ. ಮೊದಲ ಮಳೆಯ ದಿನ ರಸ್ತೆಯನ್ನು ನಂಬಬೇಡಿ. ಬೈಕು ಕೊಡಿಸುವ ಅಪ್ಪ ಅಮ್ಮಂದಿರೇ, ಅದರ ಜೊತೆಗೇ ಮಕ್ಕಳ ತಲೆಗೆ ಒಪ್ಪುವ ಹೆಲ್ಮೆಟ್ಟನ್ನೂ ಕೊಡಿಸಿ. ನಿಧಾನ ಹೋದರೆ ತಡವಾಗುತ್ತದೆ, ಕೆಲಸದಲ್ಲಿ ಬೈಯುತ್ತಾರೆ. ಹೋಗಿ, ಬೈಸಿಕೊಳ್ಳಿ.