ಹಳೇ ಪೇಪರಿನ ಕುರ್ಚಿ

ದರ್ಜಿಯ ಅಂಗಡಿಯೆಂದರೆ ಮನೆಯ ಮುಂದಿನ ಕೋಣೆಯೇ. ಒಂದು ಹೊಲಿಗೆ ಯಂತ್ರ, ಒಂದು ಕತ್ತರಿಸುವ ಮೇಜು, ಮೂಲೆಯಲ್ಲಿ ಎದೆಯೆತ್ತರ ಹಳೇ ಪೇಪರು. ಹೊಸ ಅಳತೆ ಬಂದರೆ ಅವನು ಮೊದಲು ಕತ್ತರಿ ಹಾಕುತ್ತಿದ್ದುದು ಪೇಪರಿಗೆ, ಆಮೇಲೆ ಬಟ್ಟೆಗೆ. ಹಾಗೆ ಕತ್ತರಿಸಿದ ತೋಳು, ಕಾಲರು, ಬೆನ್ನುಗಳನ್ನು ದಾರಕ್ಕೆ ಪೋಣಿಸಿ ಗೋಡೆಯ ಮೊಳೆಗೆ ನೇತುಹಾಕುತ್ತಿದ್ದ. ಮೇಜಿನ ಪಕ್ಕ ಚಾಪೆಯ ಮೇಲೆ ಅಂಗಾತ ಮಲಗಿರುತ್ತಿದ್ದ ಅವನ ಏಳು ವರ್ಷದ ಮಗಳು ಅಕ್ಷರ ಕಲಿತದ್ದು ಆ ಪೇಪರುಗಳನ್ನು ನೋಡಿಯೇ. ಹುಟ್ಟುವಾಗ ಮಿದುಳಿಗೆ ಪೆಟ್ಟಾಗಿ ಅವಳ ಕತ್ತು, ಬೆನ್ನಿಗೆ ಬಲವಿರಲಿಲ್ಲ. ಹಿಡಿದು ಕೂರಿಸಿದರೆ ಕೂರುವಳು, ಕೈಬಿಟ್ಟರೆ ವಾಲುವಳು. ಮಾತು ನಿಧಾನ, ಆದರೆ ಹಿಡಿದ ಮಾತು ಬಿಡುವವಳಲ್ಲ. ಮಂತ್ರಿಗಳು ಸೇತುವೆ ಉದ್ಘಾಟಿಸಲು ಹೋಗಿ ಏನಾದರೆಂದು ಒಂದು ವಾರ ಅಪ್ಪನ ತಲೆ ತಿಂದಿದ್ದಳು. ಮಂತ್ರಿಗಳ ಮುಂದಿನ ಕಥೆ ಯಾರದೋ ರವಿಕೆಯ ಕಂಕುಳಲ್ಲಿ ಕತ್ತರಿಸಿ ಹೋಗಿತ್ತು.

ಇಂಥ ಮಗಳನ್ನು ಶಾಲೆಗೆ ಸೇರಿಸಬೇಕೆಂದು ದರ್ಜಿ ಎರಡು ವರ್ಷದಿಂದ ಅಲೆಯುತ್ತಿದ್ದ. ಮುಖ್ಯೋಪಾಧ್ಯಾಯಿನಿ ಕೆಟ್ಟವರಲ್ಲ. ಮಗುವನ್ನು ಮಾತಾಡಿಸಿ, ಓದಿಸಿ, ಖುಷಿಪಟ್ಟರು. ಆದರೆ ಐವತ್ತು ಮಕ್ಕಳ ತರಗತಿಯಲ್ಲಿ ಇವಳನ್ನು ಹಿಡಿದು ಕೂರುವವರು ಯಾರು, ಬೆಂಚಿನಿಂದ ಬಿದ್ದರೆ ಹೊಣೆ ಯಾರದು ಎಂದು ಕೇಳಿದರು. ಹೊಸ ತರಗತಿ ಶುರುವಾಗುವ ದಿನ ಒಂದು ಪೂರ್ತಿ ಪೀರಿಯಡ್, ಅಂದರೆ ನಲವತ್ತು ನಿಮಿಷ, ಯಾರೂ ಹಿಡಿಯದೆ ಕೂತರೆ ಹೆಸರು ಬರೆದುಕೊಳ್ಳುವುದಾಗಿ ಮಾತು ಕೊಟ್ಟರು. ಅದಕ್ಕೆ ಉಳಿದಿದ್ದುದು ಮೂರು ವಾರ. ಆಸ್ಪತ್ರೆಯಲ್ಲಿ ಇಂಥ ಮಕ್ಕಳಿಗೆಂದೇ ಮಾಡಿಸಿಕೊಡುವ ಕುರ್ಚಿಯ ಸರದಿ ಬರಲು ಒಂದೂವರೆ ವರ್ಷ.

ದಾರಿ ತೋರಿಸಿದವಳು ಅದೇ ಆಸ್ಪತ್ರೆಯಲ್ಲಿ ಮಗುವಿಗೆ ವ್ಯಾಯಾಮ ಮಾಡಿಸುವ ಹೆಂಗಸು. ತನ್ನ ಕೋಣೆಯಲ್ಲಿದ್ದ ಒಂದು ಪುಟ್ಟ ಸ್ಟೂಲನ್ನು ಎಳೆದು, ಅದರ ಮೇಲೆ ಹತ್ತಿ ನಿಂತಳು. ಅದು ಬರೀ ಹಳೇ ಪೇಪರು ಮತ್ತು ಮೈದಾ ಅಂಟು ಎಂದಾಗ ದರ್ಜಿ ಬಗ್ಗಿ ನೋಡಿದ, ಉಗುರಿನಿಂದ ಕೆರೆದ, ಗುದ್ದಿಯೂ ನೋಡಿದ. ಅವತ್ತೇ ಸಂಜೆ ಬಾಗಿಲಿಗೆ ಬಂದ ರದ್ದಿಯವನನ್ನು ಬರಿಗೈಯಲ್ಲಿ ಕಳಿಸಿದ.

ಹೆಂಡತಿ ದೊಡ್ಡ ಪಾತ್ರೆಯಲ್ಲಿ ಅಂಟು ಕಾಯಿಸಿದಳು. ಹುಳ ಹಿಡಿಯದಿರಲೆಂದು ಒಂದು ಹಿಡಿ ಉಪ್ಪು ಹಾಕಿದಳು. ಈ ಮೈದಾದಲ್ಲಿ ಇಡೀ ಬೀದಿಗೆ ತಿಂಡಿ ಮಾಡಬಹುದಿತ್ತು ಎಂದು ಗೊಣಗುತ್ತಲೇ ಹಾಳೆಗಳಿಗೆ ಅಂಟು ಬಳಿದು ಕೊಟ್ಟಳು. ದರ್ಜಿ ಹಾಳೆಯ ಮೇಲೆ ಹಾಳೆ ಕೂರಿಸಿ, ಸುಕ್ಕಿಲ್ಲದಂತೆ ಅಂಗೈಯಿಂದ ಒತ್ತಿ, ಬೆರಳುದಪ್ಪದ ಹಲಗೆಗಳನ್ನು ಮಾಡಿದ. ಪೇಪರನ್ನೇ ಬಿಗಿಯಾಗಿ ಸುತ್ತಿ ಕೋಲು ಮಾಡಿ ಕಾಲುಗಳಿಗೆ ಕೊಟ್ಟ. ಅಂಗಳದಲ್ಲಿ ಬಿಸಿಲಿಗಿಟ್ಟ ಹಲಗೆಗಳು ಒಣಗಿ ಟಣಟಣ ಎಂದವು. ಹೊಲಿಯಲು ಕೊಟ್ಟವರು ಬಂದು ಬಾಗಿಲಲ್ಲಿ ನಿಂತು ಬೈದು ಹೋದರು. ಅವನು ತಲೆಯೆತ್ತಲಿಲ್ಲ.

ಎರಡು ವಾರಕ್ಕೆ ಕುರ್ಚಿ ಎದ್ದು ನಿಂತಿತು. ಬೆನ್ನಿಗೆ ಎತ್ತರದ ಒರಗು, ಎರಡು ಪಕ್ಕದಲ್ಲಿ ಆಸರೆ, ಮುಂದೆ ಪುಸ್ತಕ ಇಡಲು ಮೇಜು. ದರ್ಜಿ ಅದರ ಮೇಲೆ ಹತ್ತಿ ನಿಂತ. ಗಂಡನನ್ನು ಇಳಿಸಿ ಹೆಂಡತಿ ಹತ್ತಿದಳು. ಕುರ್ಚಿ ಮಿಸುಕಲಿಲ್ಲ. ಇನ್ನು ಶಾಲೆಯೇ ಸೈ ಎಂದುಕೊಂಡು ಮಗಳನ್ನು ತಂದು ಕೂರಿಸಿದರು.

ಅವಳು ನಾಲ್ಕು ನಿಮಿಷವೂ ಕೂರಲಿಲ್ಲ. ಮೊದಲು ಎಡಕ್ಕೆ ವಾಲಿದಳು, ಆಮೇಲೆ ಸೊಂಟ ಮುಂದಕ್ಕೆ ಜಾರಿತು, ಕೊನೆಗೆ ಗದ್ದ ಮೇಜಿಗೆ ಸಿಕ್ಕಿಕೊಂಡು ಕಾಲು ಕೆಳಗೆ ನೇತಾಡಿತು. ತಾಯಿ ಓಡಿಬಂದು ಎತ್ತಿಕೊಂಡಳು. ಗದ್ದದ ಮೇಲೆ ಕೆಂಪಗೆ ಗೀರು ಬಿದ್ದಿತ್ತು. ದರ್ಜಿಗೆ ನಾಚಿಕೆಯಿಂದ ನೆಲ ನೋಡುವಂತಾಯಿತು. ಟೇಪು ಹಿಡಿದು ಕುರ್ಚಿಯನ್ನು ಅಳೆದ. ಮಗಳನ್ನು ಚಾಪೆಯ ಮೇಲೆ ಮಲಗಿಸಿ ಬರೆದುಕೊಂಡಿದ್ದ ಅಳತೆಗೂ ಕುರ್ಚಿಗೂ ಎಲ್ಲ ಕಡೆ ಎರಡೆರಡು ಇಂಚು ವ್ಯತ್ಯಾಸ.

ಹೆಂಡತಿಗೆ ಅರ್ಥವಾಗಲು ತಡವಾಗಲಿಲ್ಲ. "ರೀ, ಯೂನಿಫಾರ್ಮ್ ಹೊಲಿಯೋ ಹಾಗೆ ಬೆಳೆಯೋ ಮಗು ಅಂತ ಜಾಸ್ತಿ ಬಿಟ್ಟಿದ್ದೀರಲ್ಲ?"

ಹೌದು. ಇಪ್ಪತ್ತು ವರ್ಷದಿಂದ ಮಕ್ಕಳ ಬಟ್ಟೆಗೆ ಕತ್ತರಿ ಹಾಕಿದ ಕೈ ಅದು. ಮುಂದಿನ ವರ್ಷಕ್ಕೂ ಆಗಲೆಂದು ಎರಡು ಇಂಚು ಬಿಡದೆ ಯಾವ ತಾಯಿಯೂ ಒಪ್ಪಿರಲಿಲ್ಲ. ಕೈ ತನ್ನಷ್ಟಕ್ಕೆ ಬಿಟ್ಟಿತ್ತು.

ಮಾರನೆಯ ದಿನ ಆಸ್ಪತ್ರೆಯಲ್ಲಿ ಅವನು ಇದನ್ನೆಲ್ಲ ಹೇಳಿದಾಗ ವ್ಯಾಯಾಮದ ಹೆಂಗಸು ನಗಲಿಲ್ಲ. "ಅಣ್ಣ, ಅಂಗಿ ದೊಡ್ಡದಾದ್ರೆ ತೋಳು ಮಡಚಬಹುದು. ಇದು ಅವಳ ಬೆನ್ನಿನ ಕೆಲಸ ಮಾಡಬೇಕಲ್ವಾ? ಇವತ್ತು ಅವಳು ಹೇಗಿದ್ದಾಳೋ ಹಾಗೇ ಅಳೀರಿ. ಮಲಗಿಸಿ ಅಲ್ಲ, ಕೂರಿಸಿ."

ಬಸ್ಸಿನಲ್ಲಿ ಮನೆಗೆ ಬರುವಾಗ ಆ ಮಾತು ಅವನ ಎದೆಗೆ ನಾಟಿತು. ಹುಟ್ಟಿದಂದಿನಿಂದ ಅವಳಿಗೆ ಹೊಲಿದ ಒಂದೊಂದು ಬಟ್ಟೆಯೂ ಮುಂದೆ ಓಡಾಡುವ ಹುಡುಗಿಯೊಬ್ಬಳಿಗೆ ಹೊಲಿದದ್ದು. ಈಗಿರುವ ಮಗಳನ್ನು ಇದ್ದಂತೆ ಅಳೆಯಲು ಅವನಿಗೆ ಯಾವತ್ತೂ ಮನಸ್ಸು ಬಂದಿರಲಿಲ್ಲ. ಕಿಟಕಿ ಕಡೆ ಮುಖ ತಿರುಗಿಸಿ ಕಣ್ಣೊರೆಸಿಕೊಂಡ. ಮನೆಗೆ ಬಂದವನೇ ಚಪ್ಪಲಿ ಬಿಟ್ಟು ಟೇಪು ತೆಗೆದ.

ತಾಯಿ ಹಿಂದಿನಿಂದ ಆನಿಸಿಕೊಂಡು ಕೂರಿಸಿದಳು. ದರ್ಜಿ ಮಂಡಿಯೂರಿ ಸೊಂಟ ಅಳೆದ, ತೊಡೆಯ ಉದ್ದ ಅಳೆದ, ಕಂಕುಳಿಂದ ಕೂರುವ ಜಾಗಕ್ಕೆ ಎಡಗಡೆ ಒಂದಳತೆ, ಬಲಗಡೆ ಇನ್ನೊಂದು. ಎಡಗಡೆ ಮುಕ್ಕಾಲು ಇಂಚು ಕಡಿಮೆ ಬಂತು. ಇಂಥ ಕಡೆ ಅವನ ಕೈ ಎರಡನ್ನೂ ಸಮ ಮಾಡಿ ಬರೆಯುವುದು ರೂಢಿ. ಇವತ್ತು ಇದ್ದದ್ದನ್ನು ಇದ್ದಂತೆ ಬರೆದ. ಮಗಳು ಕಚಗುಳಿಯೆಂದು ಒದ್ದಾಡಿದರೂ ಮೂರು ಸಲ ಅಳೆದ.

ಉಳಿದಿದ್ದುದು ಐದು ದಿನ. ಹಳೆಯ ಕುರ್ಚಿಯನ್ನು ಗರಗಸ ಹಾಕಿ ಕೊಯ್ದ. ಅದೇನು ಪೇಪರೋ, ಮರವೋ, ಅಂಗೈಯಲ್ಲಿ ಬೊಬ್ಬೆ ಬಂತು. ಆಸರೆಗೆ ಹೊಸ ಹಲಗೆಗಳು ಬೇಕಾದವು. ಅಂಟು ಬಳಿದು ಮುಗಿಸುವಷ್ಟರಲ್ಲಿ ಮೋಡ ಕವಿಯಿತು. ಒಂದು ದಿನ ಕಾದ. ಎರಡನೆಯ ದಿನವೂ ಹಲಗೆ ಹಸಿಹಸಿ. ಹೆಂಡತಿ ಮುಂದಿನ ವರ್ಷ ನೋಡೋಣವೇ ಎಂದು ಮೆಲ್ಲಗೆ ಕೇಳಿದಳು. ಅವನು ಇಲ್ಲವೆಂದ. ಇಸ್ತ್ರಿಪೆಟ್ಟಿಗೆಗೆ ಕೆಂಡ ತುಂಬಿ, ಹಲಗೆಯ ಮೇಲೆ ತೆಳ್ಳನೆಯ ಬಟ್ಟೆ ಹಾಸಿ, ಅಳತೆ ತಪ್ಪದಂತೆ ಒತ್ತತೊಡಗಿದ. ಕೋಣೆ ತುಂಬ ಹಿಟ್ಟಿನ ಹಬೆ ಎದ್ದಿತು. ಅವನಿಗೆ ಕೈ ಸೋತರೆ ಅವಳು ಹಿಡಿದಳು, ಅವಳಿಗೆ ಸೋತರೆ ಅವನು. ಎರಡು ದಿನ ಇಬ್ಬರೂ ಬೇರೆ ಯಾವ ಕೆಲಸವನ್ನೂ ಮುಟ್ಟಲಿಲ್ಲ.

ಶಾಲೆಯ ದಿನ ಆ ಕುರ್ಚಿಯನ್ನು ದರ್ಜಿ ತಲೆಯ ಮೇಲೆ ಹೊತ್ತ, ಮಗಳನ್ನು ತಾಯಿ ಎತ್ತಿಕೊಂಡಳು. ತರಗತಿಯ ಮೊದಲ ಸಾಲಿನಲ್ಲಿ ಕುರ್ಚಿ ಇಟ್ಟರು. ಕೈಗವಸು ಹಾಕಿದಷ್ಟು ಬಿಗಿಯಾಗಿ ಮಗಳು ಅದರೊಳಗೆ ಕೂತಳು. ಸೊಂಟಕ್ಕೆ ಪಟ್ಟಿ ಕಟ್ಟಿ ಇಬ್ಬರೂ ಹೊರಗೆ ಬಂದರು. ತಾಯಿ ನೋಡುವ ಧೈರ್ಯವಿಲ್ಲದೆ ಗೇಟಿನ ಹತ್ತಿರ ಹೋಗಿ ನಿಂತಳು. ದರ್ಜಿ ಕಿಟಕಿಯಲ್ಲಿ ನಿಂತ.

ಮುಖ್ಯೋಪಾಧ್ಯಾಯಿನಿಯೇ ಪಾಠ ತೆಗೆದುಕೊಂಡರು. ಹತ್ತು ನಿಮಿಷ ಆಯಿತು, ಇಪ್ಪತ್ತಾಯಿತು. ಅಷ್ಟು ಎತ್ತರದಿಂದ ಲೋಕ ನೋಡುವುದೇ ಹೊಸದಾಗಿ ಅವಳು ಬೋರ್ಡು ಬಿಟ್ಟು ಉಳಿದೆಲ್ಲವನ್ನೂ ನೋಡಿದಳು. ಮೂವತ್ತರ ಹೊತ್ತಿಗೆ ತಲೆ ಎದೆಯ ಮೇಲೆ ಬಿತ್ತು. ಮಕ್ಕಳು ಗುಸುಗುಸು ಎಂದರು. ದರ್ಜಿಯ ಕಾಲು ಬಾಗಿಲ ಕಡೆ ಹೊರಟೇಬಿಟ್ಟಿತು. ಒಳಗಿನಿಂದ ಮುಖ್ಯೋಪಾಧ್ಯಾಯಿನಿ ಅವನನ್ನು ನೋಡಿ, ನಿಲ್ಲಿ ಎಂದು ಕೈ ತೋರಿಸಿದರು. ಅವನು ಕಿಟಕಿಯ ಸರಳು ಹಿಡಿದು ನಿಂತ. ಮೈಯೇನೂ ವಾಲಿರಲಿಲ್ಲ. ಆಸರೆ ಎರಡೂ ಕಡೆ ಹಿಡಿದುಕೊಂಡಿತ್ತು. ತಲೆಯೊಂದೇ ಅವಳ ಪಾಲಿನ ಕೆಲಸ. ಅವಳು ಮೊಣಕೈ ಮೇಜಿಗೊತ್ತಿ, ತುಟಿ ಕಚ್ಚಿ, ಇಂಚಿಂಚಾಗಿ ತಲೆಯೆತ್ತಿದಳು. ಎತ್ತಿ ನಿಲ್ಲಿಸಿದಳು.

ಗಂಟೆ ಹೊಡೆದದ್ದೇ ತಡ ದರ್ಜಿ ಒಳಗೆ ನುಗ್ಗಿ ಪಟ್ಟಿ ಬಿಚ್ಚಲು ಬಗ್ಗಿದ. ಮಗಳು ಅವನ ಕೈಯನ್ನು ತಳ್ಳಿದಳು.

"ಬಿಡಪ್ಪ. ಇನ್ನೂ... ಗಣಿತ ಇದೆ. ನೀನು ಹೋಗು."

ಅವನು ಮುಖ್ಯೋಪಾಧ್ಯಾಯಿನಿಯ ಮುಖ ನೋಡಿದ. ಅವರು ಆಗಲೇ ಹಾಜರಿ ಪುಸ್ತಕದ ಕೊನೆಯ ಸಾಲಿನಲ್ಲಿ ಅವಳ ಹೆಸರು ಬರೆಯುತ್ತಿದ್ದರು. ಮಗಳು ಅಪ್ಪನ ಕಡೆ ನೋಡುವುದನ್ನೂ ಬಿಟ್ಟು ಪಕ್ಕದ ಹುಡುಗಿಯ ಪೆನ್ಸಿಲ್ ಡಬ್ಬಿ ನೋಡುತ್ತಿದ್ದಳು.

ಗೇಟಿನ ಹತ್ತಿರ ಹೆಂಡತಿ ಅವನ ಖಾಲಿ ಕೈ ನೋಡಿ ಗಾಬರಿಯಿಂದ ಮಗು ಎಲ್ಲಿ ಎಂದು ಕೇಳಿದಳು.

"ನನ್ನನ್ನ ಹೋಗು ಅಂದ್ಲು ಕಣೇ," ಎಂದ ದರ್ಜಿ, ಅಲ್ಲೇ ಗೇಟಿಗೆ ಒರಗಿ, ದಾರಿಯಲ್ಲಿ ಹೋಗುವವರ ಹಂಗಿಲ್ಲದೆ ಮನಸಾರೆ ಅತ್ತ.