ಜನವರಿ ಒಂದರ ಕುಂಬಳಕಾಯಿ ಸಾರು

ಚಿಕೂನ್‌ಗುನ್ಯ ಹಿಡಿದು ವಾರ ಕಳೆದರೂ ದ್ಯೂಲಾಳ ಬೆರಳುಗಳು ಮಡಚುತ್ತಿರಲಿಲ್ಲ. ಬಾಚಣಿಗೆ ಕೂಡ ನಿಲ್ಲದ ಆ ಕೈಯಲ್ಲೇ ಅವಳು ಡಿಸೆಂಬರ್ ಕೊನೆಯ ದಿನ ಮಾರುಕಟ್ಟೆಯಿಂದ ದೊಡ್ಡದೊಂದು ಸಿಹಿಗುಂಬಳವನ್ನು ಎದೆಗವಚಿಕೊಂಡು ತಂದಳು. ಹೈಟಿ ಬಿಟ್ಟು, ಗಡಿ ದಾಟಿ, ಪಕ್ಕದ ದೇಶದ ಸಾಂತಿಯಾಗೊ ಊರಿನ ಈ ವಠಾರ ಸೇರಿದ ಮೇಲೂ ಅವಳ ಹೊಸ ವರ್ಷ ಸಾರಿಲ್ಲದೆ ಕಳೆದದ್ದಿಲ್ಲ.

ಅದೇ ಜ್ವರದಲ್ಲಿ ಚಾಪೆ ಹಿಡಿದಿದ್ದ ತಂಗಿ ಮಿರ್ಲಾಂದ್ ತಲೆಯೆತ್ತಿದಳು. “ಈ ವರ್ಷ ಬಿಟ್ಬಿಡಕ್ಕಾ. ಸೌಟು ಹಿಡಿಯೋಕಾಗಲ್ಲ ನಿಂಗೆ.”

“ಸೊಳ್ಳೆ ಹೇಳ್ತು ಅಂತ ಬಿಡ್ಲಾ?”

ಬಿಡುವ ಮಾತೇ ಇರಲಿಲ್ಲ. ಹಿಂದೆ ಅವರ ನಾಡಿನಲ್ಲಿ ಈ ಸಾರನ್ನು ಗುಲಾಮರು ಬೇಯಿಸಬೇಕಿತ್ತು, ಕುಡಿಯುವ ಹಕ್ಕು ದೊರೆಗಳಿಗೆ ಮಾತ್ರ. ಆ ದೊರೆಗಳ ಕಾಟ ತೊಲಗಿದ ದಿನ ಜನವರಿ ಒಂದು. ಅಂದಿನಿಂದ ಆ ದಿನ ಹೈಟಿಯವರ ಒಲೆಯ ಮೇಲೆ ಬೇರೆ ಅಡುಗೆಯಿಲ್ಲ, ನೆರೆಮನೆಗೆ ಬಟ್ಟಲು ಹೋಗದೆ ಊಟವಿಲ್ಲ.

ಮರುದಿನ ಬೆಳಿಗ್ಗೆ ದ್ಯೂಲಾ ಅಂಗಳದಲ್ಲಿ ಇದ್ದಿಲ ಒಲೆ ಹೊತ್ತಿಸುತ್ತಿದ್ದಂತೆ ವಠಾರದ ಒಡತಿ ನುರ್ಕಾ, ಎಲ್ಲರ ಬಾಯಲ್ಲಿ ದೋನ್ಯಾ ಅಂದರೆ ಅಮ್ಮಾವ್ರು, ಜಗಲಿಯ ತೂಗುಕುರ್ಚಿಯಿಂದಲೇ ಶುರುಮಾಡಿದಳು.

“ಒಲೆ ಆರಿಸೇ. ಈ ಜ್ವರ ತಂದಿದ್ದೇ ನಿಮ್ಮ ಜನ. ಈಗ ಬೇಯಿಸಿ ಬೇರೆ ಹಂಚ್ತೀಯಾ?”

ಬೇರೆ ದಿನವಾದರೆ ದ್ಯೂಲಾ ಆರಿಸಿಬಿಡುತ್ತಿದ್ದಳು. ಕಾಗದಪತ್ರವಿಲ್ಲದ ಬದುಕು, ಒಡತಿ ಮನಸ್ಸು ಮಾಡಿದರೆ ಹೈಟಿಯವರನ್ನು ಹಿಡಿದು ಗಡಿಯಾಚೆ ಸಾಗಿಸುವ ಸರ್ಕಾರಿ ಲಾರಿ ಬಾಗಿಲಿಗೇ ಬರುತ್ತದೆ. ಆದರೆ ಇಂದು ಅವಳಿಗೆ ಮೈಯೆಲ್ಲ ಉರಿದುಹೋಯಿತು.

“ನಿಮ್ಮ ಮುಚ್ಚಳ ಇಲ್ದಿರೋ ಡ್ರಮ್ಮಲ್ಲಿ ಹುಟ್ಟಿದ ಸೊಳ್ಳೆ ಕಣ್ರೀ ಅದು, ದೋನ್ಯಾ. ಈ ದೇಶದ್ದೇ. ಕಾಗದಪತ್ರ ಎಲ್ಲಾ ಸರಿಯಾಗಿದೆ ಅದಕ್ಕೆ.”

ಒಳಗೆ ಮಿರ್ಲಾಂದ್ ಕಿಸಕ್ಕನೆ ನಕ್ಕಳು. “ಲಾರಿ ಕರೆಸ್ತೀನಿ ನೋಡ್ತಿರು” ಎಂದು ಫೋನು ಕೈಗೆತ್ತಿಕೊಂಡು ಏಳಹೋದ ನುರ್ಕಾ, ಮಂಡಿ ನೆಟ್ಟಗಾಗದೆ ನರಳುತ್ತ ಮತ್ತೆ ಕುರ್ಚಿಯಲ್ಲಿ ಕುಸಿದಳು. ಜ್ವರ ಅವಳನ್ನೂ ಬಿಟ್ಟಿರಲಿಲ್ಲ. ಮರ್ಯಾದೆಗೆ ಅಂಜಿ ಮುಚ್ಚಿಟ್ಟುಕೊಂಡಿದ್ದಳು, ಅಷ್ಟೇ.

ದ್ಯೂಲಾ ಚಾಕು ಹಿಡಿಯಲು ನೋಡಿದಳು. ಅದು ಜಾರಿ ಜಾರಿ ಬಿತ್ತು. ಕುಂಬಳವನ್ನು ಎರಡೂ ತೋಳುಗಳಲ್ಲಿ ತಲೆಯ ಮೇಲಕ್ಕೆತ್ತಿ ಸಿಮೆಂಟು ನೆಲಕ್ಕೆ ಅಪ್ಪಳಿಸಿದಳು. ಒಡೆದ ಹೋಳುಗಳನ್ನು ಸಿಪ್ಪೆ ಸಮೇತ ಬೇಯಿಸಿ, ಅಂಗೈಯಿಂದ ಅದುಮಿ ಕಿವುಚಿ, ಮಾಂಸ, ಎಲೆಕೋಸಿನ ಜೊತೆ ಕುದಿಸಿದಳು. ನೋವಿಗೆ ಕಣ್ಣಲ್ಲಿ ನೀರು ಬಂತು, ಬರಲಿ ಬಿಡು ಎಂದುಕೊಂಡಳು. ಆಮೇಲೆ ಎರಡು ಮಣಿಕಟ್ಟುಗಳ ನಡುವೆ ಬಟ್ಟಲು ಹಿಡಿದು ಒಂದೊಂದೇ ಬಾಗಿಲಿಗೆ ಕೊಟ್ಟುಬಂದಳು.

ಜಗಲಿಯಿಂದ ಸಣ್ಣ ದನಿ ಬಂತು. “ಎಲ್ರಿಗೂ ಕೊಟ್ಟೆ. ನಂಗೆ?”

“ಇದೆ. ಬಂದು ತಗೊಳ್ಳಿ.”

“ಏಳೋಕಾಗಲ್ಲ ಕಣೇ.”

“ನಂಗೂ ಆಗಲ್ಲ. ಎದ್ದಿದೀನಿ.” ದ್ಯೂಲಾ ಒಲೆಯ ಮುಂದಿನಿಂದ ಕದಲಲಿಲ್ಲ. “ದಿನಾ ನಿಮ್ಮ ನೀರು ಹೊರ್ತೀನಿ. ನಾಳೆನೂ ಹೊರ್ತೀನಿ. ಇವತ್ತು ಈ ಸಾರು ಮಾತ್ರ ಒಡತಿ ಬಾಗಿಲಿಗೆ ಹೊರಲ್ಲ. ಬೇಕಾದ್ರೆ ಲಾರಿ ಕರೆಸಿ.”

ನುರ್ಕಾ ಫೋನಿನತ್ತ ನೋಡಿದಳು, ಸಾರಿನತ್ತ ನೋಡಿದಳು. ಕೊನೆಗೆ ಫೋನನ್ನು ಕುರ್ಚಿಯಲ್ಲೇ ಬಿಟ್ಟು, ಗೋಡೆ ಹಿಡಿದು, ಬೈಯುತ್ತ ಬೈಯುತ್ತ ಅಂಗಳ ದಾಟಿ ಬಂದು ಒಲೆಯ ಪಕ್ಕ ಕೂತಳು. ಅವಳ ಬೆರಳೂ ಮಡಚಲಿಲ್ಲ. ಬಟ್ಟಲನ್ನು ಮಣಿಕಟ್ಟುಗಳ ನಡುವೆ ಇಟ್ಟುಕೊಂಡು ಒಂದು ಗುಟುಕು ಕುಡಿದಳು.

“ಉಪ್ಪು ಕಮ್ಮಿ.”

“ಅಲ್ಲೇ ಇದೆ,” ಎಂದಳು ದ್ಯೂಲಾ. “ಎದ್ದು ಹಾಕ್ಕೊಳ್ಳಿ.”