ಕಾಗದದ ಮೇಲೆ ಇಳಿದ ಮಕ್ಕಳು

ಹೊಲಿಗೆ ಫ್ಯಾಕ್ಟರಿಯ ಎರಡನೇ ಮಹಡಿಯಲ್ಲಿ ಮಕ್ಕಳ ಕೋಣೆ. ಹೊಲಿಯೋ ಹೆಂಗಸರ ಮಕ್ಕಳು, ಒಟ್ಟು ಇಪ್ಪತ್ತಮೂರು. ಅದರಲ್ಲಿ ಆರು ಇನ್ನೂ ಅಂಬೆಗಾಲಲ್ಲೇ. ನೋಡಿಕೊಳ್ಳೋಕೆ ಒಬ್ಬಳೇ ಆಯಮ್ಮ. ಒಂದರ ಮೂಗು ಒರೆಸೋ ಹೊತ್ತಿಗೆ ಇನ್ನೊಂದರ ಚಡ್ಡಿ ಒದ್ದೆ. ಅದನ್ನ ಬದಲಿಸೋ ಹೊತ್ತಿಗೆ ಮೂರನೇದು ನಾಲ್ಕನೇದರ ಕಿವಿ ಕಚ್ಚಿರುತ್ತಿತ್ತು. ಆಯಮ್ಮನಿಗೆ ವಯಸ್ಸು ಐವತ್ತು ದಾಟಿತ್ತು. ಮಂಡಿ ಸೋತಿತ್ತು. ಬಾಯಿ ಮಾತ್ರ ಸೋತಿರಲಿಲ್ಲ.

ಕೋಣೆಗೆ ಎರಡು ಬಾಗಿಲು. ಮುಂದಿನ ಬಾಗಿಲು ದಾಟಿ ಮೆಟ್ಟಿಲಿಳಿದರೆ ಹೊಲಿಗೆ ಹಾಲ್, ಅದನ್ನ ಹಾದೇ ಕೆಳಗೆ ಹೋಗಬೇಕು. ಹಿಂದಿನ ಬಾಗಿಲಿನಾಚೆ ಕಬ್ಬಿಣದ ಮೆಟ್ಟಿಲು, ನೇರ ಅಂಗಳಕ್ಕೆ. ಬೆಂಕಿ ಬಿದ್ದರೆ ಓಡೋಕೆ ಅಂತಲೇ ಕಟ್ಟಿಸಿದ್ದು. ಆ ಬಾಗಿಲಿಗೆ ಬೀಗ. ಬೀಗದ ಮುಂದೆ ಆಳೆತ್ತರಕ್ಕೆ ಜೋಡಿಸಿದ ರಟ್ಟಿನ ಪೆಟ್ಟಿಗೆ.

ಒಂದು ಮಂಗಳವಾರ ಕೆಳಗಡೆ ಇಸ್ತ್ರಿ ಮಾಡೋ ಕಡೆ ಬಟ್ಟೆ ಹೊತ್ತಿಕೊಂಡಿತು. ಪ್ಲಗ್ ಕಿತ್ತು ಎರಡು ಬಕೆಟ್ ನೀರು ಸುರಿದರು, ಆರಿತು. ಆದರೆ ಹೊಗೆ ಮೆಟ್ಟಿಲು ಹತ್ತಿ ಮೇಲೆ ಬಂದಿತ್ತು. ಅದು ತಿಳಿಯಾಗೋ ತನಕ ಆಯಮ್ಮ ಕಂಕುಳಲ್ಲೊಂದು, ಹೆಗಲ ಮೇಲೊಂದು ಕೂಸು ಹೊತ್ತು ಪೆಟ್ಟಿಗೆಗಳ ಮುಂದೆ ನಿಂತಿದ್ದಳು. ಮುಂದೆ ಹೊಗೆ, ಹಿಂದೆ ಬೀಗ. ನಡೆಯೋ ಮಕ್ಕಳು ಅವಳ ಬಟ್ಟೆ ಹಿಡಿದಿದ್ದವು. ನಡೆಯದವು ತೊಟ್ಟಿಲಲ್ಲಿ ಕೆಮ್ಮುತ್ತಿದ್ದವು.

ಮಾರನೇ ದಿನ ಮ್ಯಾನೇಜರ್ ಹತ್ತಿರ ಹೋದಳು.

"ಸಾರ್, ಆ ಬೀಗ ತೆಗೆಸಿ."

"ತೆಗೆದರೆ ಮಾಲಿಗೆ ಕಾಲು ಬರುತ್ತಮ್ಮ, ಕದ್ದು ಸಾಗಿಸ್ತಾರೆ."

"ಮಾಲಿಗೆ ಕಾಲಿಲ್ಲ ಸಾರ್. ಮಕ್ಕಳಿಗಿದೆ. ಅದೂ ಹದಿನೇಳಕ್ಕೆ ಮಾತ್ರ."

ಮ್ಯಾನೇಜರ್ ಒಂದು ಪುಸ್ತಕ ಅವಳ ಕಡೆ ತಿರುಗಿಸಿದ. ಮುಂದಿನ ವಾರ ತಪಾಸಣೆಯವರು ಬರೋರಿದ್ದರು. "ಇಲ್ಲಿ ಸೈನ್ ಹಾಕು, ಹೋಗು."

ಆಯಮ್ಮ ಓದಿದಳು. ಓದದೆ ಸೈನ್ ಹಾಕೋ ಪೈಕಿ ಅಲ್ಲ ಅವಳು. ಪ್ರತಿ ತಿಂಗಳೂ ಬೆಂಕಿ ತಾಲೀಮು ನಡೆದಿದೆ, ಎಲ್ಲಾ ಮಕ್ಕಳೂ ಹಿಂದಿನ ಬಾಗಿಲಿಂದ ಎರಡು ನಿಮಿಷದಲ್ಲಿ ಅಂಗಳಕ್ಕೆ ಇಳಿದಿದ್ದಾರೆ. ಎಂಟು ತಿಂಗಳಿಗೂ ಅದೇ ಸಾಲು, ಅದೇ ಇಂಕು.

"ನಾನು ಒಂದು ಸಲಾನೂ ಇಳಿಸಿಲ್ಲವಲ್ಲ ಸಾರ್."

"ಕಾಗದದ ಮೇಲೆ ಇಳಿದಿದ್ದಾರಲ್ಲ, ಸಾಕು."

"ಒಂದು ಸಲ ನೆಲದ ಮೇಲೂ ಇಳಿಸಿಬಿಡ್ತೀನಿ. ಆಮೇಲೆ ಹಾಕ್ತೀನಿ."

ತಮಾಷೆ ಅಂದುಕೊಂಡು ಅವನು ನಕ್ಕ. "ಆಯ್ತು, ಇಳಿಸಮ್ಮ, ಇಳಿಸು."

ಮರುದಿನ ಬೆಳಿಗ್ಗೆ ಹನ್ನೊಂದಕ್ಕೆ ಆಯಮ್ಮ ಎರಡು ಹೊದಿಕೆ ಗಂಟು ಹಾಕಿ ಹಗ್ಗ ಮಾಡಿದಳು. ಹದಿನೇಳು ಮಕ್ಕಳ ಕೈಗೆ ಕೊಟ್ಟು "ರೈಲು ಹೊರಟಿತು" ಅಂದಳು. ಬೆನ್ನಿಗೊಂದು ಕೂಸು, ಎದೆಗೊಂದು ಕೂಸು ಕಟ್ಟಿಕೊಂಡಳು. ನಾಲ್ಕು ತೊಟ್ಟಿಲಲ್ಲೇ ಉಳಿದವು.

"ಬೆಂಕಿ ಎಲ್ಲಿ ಆಯಮ್ಮ?" ಅಂದಳು ಎಲ್ಲರೂ ಪ್ರಶ್ನೆ ಅಂತ ಕರೆಯೋ ಹುಡುಗಿ.

"ಇವತ್ತು ಬಂದಿಲ್ಲ."

"ಯಾವಾಗ ಬರುತ್ತೆ?"

"ಅದು ಹೇಳಿ ಕಳಿಸಿ ಬರೋ ನೆಂಟ ಅಲ್ಲ ಮಗಾ."

ರೈಲು ಹೊಲಿಗೆ ಹಾಲ್‌ಗೆ ಬಂತು. ಅಮ್ಮ ಕಂಡದ್ದೇ ಗುಂಡು ಅನ್ನೋ ಹುಡುಗ ಹಳಿ ತಪ್ಪಿ ಅವಳ ಮಡಿಲು ಹತ್ತಿದ. ಇನ್ನೂ ಮೂರು ಬೋಗಿ ಅವನ ಹಿಂದೆ ಹೋದವು. ಯಂತ್ರಗಳು ಸಾಲುಸಾಲಾಗಿ ಸದ್ದಡಗಿ ನಿಂತವು. ಹೆಂಗಸರು ನಕ್ಕರು, ಕೈ ಬೀಸಿದರು. ಆಯಮ್ಮ ಮಕ್ಕಳನ್ನೆಲ್ಲ ಅಂಗಳಕ್ಕೆ ಮುಟ್ಟಿಸಿ, ವಾಚ್‌ಮನ್ ಕೈಗೆ ಹಗ್ಗ ಕೊಟ್ಟು, ಮಂಡಿ ಹಿಡಿದುಕೊಂಡು ಮತ್ತೆ ಮೇಲೆ ಹತ್ತಿದಳು. ಇನ್ನೆರಡು ತಂದಳು. ಮತ್ತೆ ಹತ್ತುವಾಗ ಯಾರೂ ನಗುತ್ತಿರಲಿಲ್ಲ.

ಕಾಲರ್ ಹೊಲಿಯೋ ಕಾಲರ್ ಅಕ್ಕ ದಾರಿಗೆ ಅಡ್ಡ ಬಂದಳು. "ನನ್ನ ಕೂಸೆಲ್ಲಿ?"

"ಮೇಲಿದೆ. ಮೂರನೇ ಸಲಕ್ಕೆ ಅದರ ಸರದಿ."

"ನಿಜವಾಗಿ ಬೆಂಕಿ ಬಿದ್ದಿದ್ದರೆ?"

ಆಯಮ್ಮ ಏದುಸಿರು ಬಿಡುತ್ತಿದ್ದಳು. ಕಾಲರ್ ಅಕ್ಕನೇ ಅವಳನ್ನ ದಾಟಿ ಮೆಟ್ಟಿಲು ಹತ್ತಿದಳು.

ಎಲ್ಲಾ ಮಕ್ಕಳೂ ಇಳಿದಾಗ ಹೊಲಿಗೆ ಹಾಲ್‌ನ ಗಡಿಯಾರದಲ್ಲಿ ಹದಿನಾಲ್ಕು ನಿಮಿಷ ಆಗಿತ್ತು. ಮ್ಯಾನೇಜರ್ ಧುಮುಗುಡುತ್ತಾ ಹಾಲ್‌ಗೆ ಬಂದ.

"ಯಾರನ್ನ ಕೇಳಿ ಕೆಲಸ ನಿಲ್ಲಿಸಿದೆ?"

"ನಿಮ್ಮನ್ನೇ ಸಾರ್. ನೀವು ಬರೆದಿರೋದು ಎರಡು ನಿಮಿಷ, ಹಿಂದಿನ ಬಾಗಿಲಿಂದ. ಅದಕ್ಕೆ ಬೀಗ ಇತ್ತು. ಮುಂದಿನ ಬಾಗಿಲಿಂದ ಹದಿನಾಲ್ಕಾಯ್ತು."

"ಎಲ್ಲಿ ಬರೆದಿದೆ ಹಾಗೆ?" ಹೆಂಗಸರ ಕಡೆಯಿಂದ ಮಾತು ಬಂತು. ಆಯಮ್ಮ ಪುಸ್ತಕದ ಸಾಲು ಬಾಯಿಪಾಠ ಒಪ್ಪಿಸಿದಳು.

"ಎಲ್ಲಾ ಮಿಷನ್‌ಗೆ ಹೋಗಿ," ಅಂದ ಮ್ಯಾನೇಜರ್. "ಆಯಮ್ಮ, ನಾಳೆಯಿಂದ ನೀನು ಬರೋದು ಬೇಡ." ಹಾಗಂದು ಹಾಲ್ ಪಕ್ಕದ ಕ್ಯಾಬಿನ್ನಿಗೆ ಹೋಗಿ ಫೋನ್ ಹಿಡಿದು ಕೂತ.

ಹೆಂಗಸರು ಮಿಷನ್‌ಗೆ ಹೋಗಲಿಲ್ಲ. ಕಾಲರ್ ಅಕ್ಕ ಮಕ್ಕಳ ಕೋಣೆಗೆ ಹತ್ತಿ, ಬೀಗದ ಮುಂದಿನ ಒಂದು ಪೆಟ್ಟಿಗೆ ಇಳಿಸಿ ಪಕ್ಕದವಳಿಗೆ ಕೊಟ್ಟಳು. ಅವಳು ಮುಂದಿನವಳಿಗೆ. ಕೈಯಿಂದ ಕೈಗೆ ನಲವತ್ತು ಹೆಂಗಸರು ಪೆಟ್ಟಿಗೆ ದಾಟಿಸಿದರು. ಇಡೋಕೆ ಜಾಗ ಬೇಕಲ್ಲ, ಕ್ಯಾಬಿನ್ ಬಾಗಿಲಲ್ಲಿ ಇಟ್ಟರು. ಅವನು ಫೋನ್ ಕೆಳಗಿಡೋ ಹೊತ್ತಿಗೆ ಅವನ ತಲೆ ಮಾತ್ರ ಕಾಣುತ್ತಿತ್ತು.

"ನಾನು ಹೊರಗೆ ಬರೋದು ಹೇಗೆ?"

"ಕಾಗದದ ಮೇಲೆ ಬನ್ನಿ ಸಾರ್," ಅಂದಳು ಆಯಮ್ಮ. "ಇಲ್ಲಾಂದ್ರೆ ಬೀಗದ ಕೈ ಕೊಡಿ."

ಬೀಗದ ಕೈ ಪೆಟ್ಟಿಗೆಗಳ ಮೇಲಿಂದ ಬಂತು. ತುಕ್ಕು ಹಿಡಿದ ಬಾಗಿಲು ನಾಲ್ಕು ಜನ ತಳ್ಳಿದ ಮೇಲೆ ತೆರೆಯಿತು. ಮಕ್ಕಳ ಕೋಣೆಗೆ ಆ ಕಡೆಯಿಂದ ಮೊದಲ ಸಲ ಗಾಳಿ ಬಂತು.

ಮರುದಿನ ಬೆಳಿಗ್ಗೆ ಗೇಟಿನಲ್ಲಿ ವಾಚ್‌ಮನ್ ತಲೆ ತಗ್ಗಿಸಿ ಆಯಮ್ಮನನ್ನ ತಡೆದ. ಮೇಲಿನ ಆರ್ಡರ್. ಅವಳು ತಿರುಗಿ ಹೊರಟಿದ್ದಳು. ಕಾಲರ್ ಅಕ್ಕ ಕೂಸನ್ನ ಅವಳ ಕೈಗೆ ಹಾಕಿ, ಅಲ್ಲೇ ರಸ್ತೆ ಬದಿ ಕೂತಳು. ಗುಂಡುವಿನ ಅಮ್ಮ ಕೂತಳು. ಬಂದುಬಂದವರೆಲ್ಲ ಮಕ್ಕಳ ಸಮೇತ ಕೂತರು.

ಮ್ಯಾನೇಜರ್ ಗೇಟಿಗೆ ಬಂದ. "ಒಳಗೆ ಬನ್ನಿ, ಮಾತಾಡೋಣ."

"ಮೊದಲು ಆಯಮ್ಮ ಬರಲಿ," ಅಂದಳು ಕಾಲರ್ ಅಕ್ಕ. "ಅವಳ ಜೊತೆಗೆ ಇನ್ನಿಬ್ಬರು ಆಯಾಗಳು ಬರಲಿ. ಆಮೇಲೆ ನಾವು."

"ಅದೆಲ್ಲ ನನ್ನ ಕೈಲಿಲ್ಲ."

"ಯಾರ ಕೈಲಿದೆಯೋ ಅವರಿಗೆ ಫೋನ್ ಮಾಡಿ ಸಾರ್. ನಾವು ಇಲ್ಲೇ ಇರ್ತೀವಿ."

ಕೆಲಸದ ಸೈರನ್ ಕೂಗಿತು. ಆಯಮ್ಮ ಒಂದು ಮಗುವಿನ ಮೂಗು ಒರೆಸಿದಳು. ಸೈರನ್ ಇನ್ನೊಂದು ಸಲ, ಉದ್ದಕ್ಕೆ ಕೂಗಿತು. ಯಾರೂ ಏಳಲಿಲ್ಲ.